ಮಹಾವೀರಾಚಾರ್ಯರ ಹಾರದೊಳಗಿನ ಲೆಕ್ಕ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಹಳೆಯ ಕಾಲದ ಗಣಿತಜ್ಞ ಮಹಾವೀರಾಚಾರ್ಯರ 27994681 × 441 = 12345654321 ಎಂಬ ಲೆಕ್ಕ ಓದಿದೆ. ಮಗಳು ಗುಣಿಸಿ ನೋಡಿದಳು, ಸರಿಯಾಗಿದೆ. ಆದರೆ ನೋಡಲು ಚೆಂದ ಅನ್ನುವುದು ಬಿಟ್ಟರೆ ಇದರಲ್ಲಿ ಗಣಿತ ಏನಿದೆ? ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಸಂಖ್ಯೆಗಳೆಲ್ಲ 11ರಿಂದ ಭಾಗವಾಗುತ್ತವಂತೆ, ಅಷ್ಟೇನಾ?

ಸಂಪಾದಕರ ಉತ್ತರ: ಗಣಿತ ಬೇಕಾದಷ್ಟಿದೆ, ಚೆಂದ ಬಂದಿರುವುದೇ ಅದರಿಂದ.

ಮೊದಲು 11ರ ಮಾತು ಮುಗಿಸೋಣ. ನೀವು ಕೇಳಿರುವ ನಿಯಮ ಅರ್ಧ ಸರಿ. 1221ರಂತೆ ಅಂಕಿಗಳ ಎಣಿಕೆ ಸಮವಾಗಿದ್ದರೆ ಭಾಗವಾಗಲೇಬೇಕು. ಬೆಸವಾಗಿದ್ದರೆ ಖಾತರಿಯಿಲ್ಲ: 12321ನ್ನು 11ರಿಂದ ಭಾಗಿಸಿ, 1 ಉಳಿಯುತ್ತದೆ. ನಮ್ಮ ಸಂಖ್ಯೆಗೆ 11 ಅಂಕಿಗಳು, ಅಂದರೆ ಬೆಸ. ಆದರೂ ಭಾಗವಾಗುತ್ತದೆ. ಯಾಕೆಂದರೆ ಅದು 111111ರ ವರ್ಗ, ಮತ್ತು 111111 ಅಂದರೆ 11 × 10101.

ಮಗಳು 111111 × 111111 ಎಂಬುದನ್ನು ಕ್ಯಾಲ್ಕುಲೇಟರ್ ಬಿಟ್ಟು ಕಾಗದದ ಮೇಲೆ ಗುಣಿಸಲಿ. 111111 ಆರು ಸಾಲು ಬರುತ್ತದೆ, ಪ್ರತಿ ಸಾಲೂ ಒಂದು ಮನೆ ಎಡಕ್ಕೆ. ಕೂಡುವಾಗ ಬಲತುದಿಯಲ್ಲಿ ಒಂದೇ ಒಂದು 1, ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಆಮೇಲೆ ಇಳಿಕೆ. ಎಲ್ಲೂ ದಶಕ ಏಳುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೇ ನಡೆಯುತ್ತದೆ. ಹತ್ತು ಒಂದುಗಳ ವರ್ಗಕ್ಕೆ ಬಂದರೆ ನಡುವೆ 10 ಆಗಿ ದಶಕ ಎಡಕ್ಕೆ ಹೋಗುತ್ತದೆ, 1234567900987654321 ಎಂದು ಸಾಲು ಕೆಡುತ್ತದೆ. ಎಡಭಾಗದ 8 ಮಾಯ!

ಈಗ ಒಳಗೆ ಇಣುಕೋಣ. 111111 = 3 × 7 × 11 × 13 × 37. ಅದರ ವರ್ಗದಲ್ಲಿ ಈ ಐದೂ ಅವಿಭಾಜ್ಯಗಳು ಎರಡೆರಡು ಸಲ ಇರುತ್ತವೆ. ಒಂದು ಭಾಜಕ ಮಾಡಬೇಕಾದರೆ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು, ಮೂರು ದಾರಿ. ಐದಕ್ಕೂ ಸೇರಿ 3 × 3 × 3 × 3 × 3, ಒಟ್ಟು 243 ಭಾಜಕಗಳು. ಸುಮಾರು 1234 ಕೋಟಿಯ ಸಂಖ್ಯೆಯ ಭಾಜಕಗಳನ್ನು ಒಂದನ್ನೂ ಭಾಗಿಸದೆ ಎಣಿಸಿಬಿಟ್ಟೆವು. ನನಗೆ ಆ ಅಂಕಿಗಳ ಸಾಲಿಗಿಂತ ಇದೇ ಹೆಚ್ಚು ಚೆಂದ.

ಮಹಾವೀರಾಚಾರ್ಯರ ಜಾಣತನವೂ ಇಲ್ಲೇ ಕಾಣುತ್ತದೆ. 441 ಅಂದರೆ 21ರ ವರ್ಗ. 3 ಮತ್ತು 7 ಅದರೊಳಗಿವೆ. ಉಳಿದ 11, 13, 37 ಗುಣಿಸಿದರೆ 5291, ಅದರ ವರ್ಗ 27994681. ಇಂಥ ಜೋಡಿ ತಡಕಾಡಿ ಸಿಗುವುದಲ್ಲ. ಉತ್ತರವನ್ನು ಮೊದಲು ಇಟ್ಟುಕೊಂಡು, ಒಡೆದು, ಎರಡು ಪಾಲು ಮಾಡಿರಬೇಕು ಎಂಬುದು ನನ್ನ ಅಂದಾಜು. 9ನೇ ಶತಮಾನದಲ್ಲಿ, ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಅವರು ಇಂಥ ಗುಣಲಬ್ಧಗಳನ್ನು ಕೊರಳ ಹಾರ ಎಂದರು. 333333666667 × 33 = 11000011000011 ಎನ್ನುವುದು ಇನ್ನೊಂದು ಹಾರ. 14 ಅಂಕಿ, ಅಂಗಡಿಯವರ 12 ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಹಿಡಿಯದು.

ಮಗಳಿಗೆ ಅವರದೇ ಮತ್ತೊಂದು ಲೆಕ್ಕ: 152207 × 73 = 11111111. ಎಂಟು ಒಂದುಗಳನ್ನು ಮೊದಲು 1111 × 10001 ಎಂದು ಒಡೆಯಲಿ. 73 ಎಲ್ಲಿಂದ ಬಂತೆಂದು ಅವಳೇ ಹೇಳುತ್ತಾಳೆ.