ತುಂಗೆಯಲ್ಲಿ ಹತ್ತಿರ ಬಂದಿದ್ದು ನೀರುನಾಯಿಯೇ

ತೀರ್ಥಹಳ್ಳಿ ಹತ್ತಿರ ರಾತ್ರಿ ತುಂಗೆಯಲ್ಲಿ ಈಜುವಾಗ ಒಂದು ಪ್ರಾಣಿ ಹತ್ತಿರ ಬಂತು, ಕತ್ತೆತ್ತಿ ನೋಡಿ ಬುಸ್ ಎಂದು ಮುಳುಗಿತು, ಆಮೇಲೆ ಇನ್ನೊಂದು ಕಡೆ ಎದ್ದಿತು, ಕಚ್ಚಲು ಬಂದಿತ್ತಾ ಅಂತ ಕೇಳಿದ್ದೀರಿ. ನೀವು ಹೇಳಿದ ರೀತಿ ನೋಡಿದರೆ ಅದು ನೀರುನಾಯಿ. ಕಚ್ಚಲು ಬಂದಿದ್ದಲ್ಲ, ನೀವು ಯಾರು ಅಂತ ನೋಡಲು ಬಂದಿದ್ದು. ಗೊತ್ತಿಲ್ಲದ್ದು ಕಂಡರೆ ಅವು ಹಾಗೇ ಕತ್ತು ಉದ್ದ ಮಾಡಿ ನೋಡುತ್ತವೆ. ಬುಸ್ ಎನ್ನುವುದು ಜೊತೆಯವಕ್ಕೆ ಕೊಡುವ ಎಚ್ಚರಿಕೆ.

ಕತ್ತಲಲ್ಲಿ ನಿಮ್ಮ ಸುತ್ತ ಅಷ್ಟು ಸಲೀಸಾಗಿ ಓಡಾಡಿದ್ದು ಹೇಗೆ ಅಂತ ಆಶ್ಚರ್ಯ ಆಗುತ್ತೆ, ಅಲ್ವಾ? ಅದರ ಮೀಸೆಯೇ ಕೈದೀಪ. ನೀರಿನ ಸಣ್ಣ ಅಲುಗಾಟವೂ ಅದಕ್ಕೆ ತಿಳಿಯುತ್ತದೆ. ಸಮುದ್ರದ ಸೀಲ್ ಕೂಡ ಹೀಗೇ, ಮೀನು ಈಜಿ ಹೋದ ಜಾಡನ್ನು ಕತ್ತಲಲ್ಲೂ ಮೀಸೆಯಿಂದಲೇ ಹಿಡಿಯುತ್ತದೆ.

ಮಲೆನಾಡಿನಲ್ಲಿ ಹೆಚ್ಚಾಗಿ ಕಾಣುವುದು ಎರಡು ಜಾತಿ. ದೊಡ್ಡ ಹೊಳೆಗಳಲ್ಲಿ ನುಣುಪು ಮೈಯ ದೊಡ್ಡದು, ಗುಂಪಾಗಿ ಮೀನು ಹಿಡಿಯುತ್ತದೆ. ಕಾಡಿನ ಹಳ್ಳಗಳಲ್ಲಿ ಏಡಿ ತಿನ್ನುವ ಚಿಕ್ಕದು. ನಿಮ್ಮದು ಬಹುಶಃ ದೊಡ್ಡದು. ಬೆಳಿಗ್ಗೆ ದಂಡೆಯ ಬಂಡೆ ನೋಡಿ. ಮೀನಿನ ಹುರುಪೆ ತುಂಬಿದ, ವಾಸನೆಯ ಹಿಕ್ಕೆ ಇದ್ದರೆ ಖಚಿತ.

ಮತ್ತೆ ಬಂದರೆ ಕೈ ಚಾಚಬೇಡಿ, ಮೀನು ಎಸೆಯಬೇಡಿ, ಟಾರ್ಚ್ ಕಣ್ಣಿಗೆ ಬಿಡಬೇಡಿ. ನಿಧಾನವಾಗಿ ದಡಕ್ಕೆ ಬನ್ನಿ. ಮರಿ ಜೊತೆಗಿದ್ದರೆ ತಾಯಿ ನಿಜವಾಗಿಯೂ ಕಚ್ಚುತ್ತದೆ, ಹಲ್ಲು ಬಲು ಚೂಪು. ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಕೇಳಿ.

ಇನ್ನೊಂದು ಮಾತು, ಇದು ನನಗೆ ಜಾಸ್ತಿ ಮುಖ್ಯ. ಆ ಮಡುವಿನಲ್ಲಿ ಯಾರಾದರೂ ಮೀನಿಗೆ ಸಿಡಿಮದ್ದು ಹಾಕುವುದು ಕಂಡರೆ ದಯವಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.