ಮೂರು ಡಬ್ಬಿ ಸಾಕು, ಆದರೆ ಮೂರೂ ಒಂದೇ ಇರಲಿ

ಈ ಸಲ ಅಮೆರಿಕದ ಓದುಗರಿಂದ ಮೂರು ಪತ್ರ ಬಂದಿವೆ, ಮೂರೂ ಕೋವಿ-ತೋಟಾ ವಿಷಯದ್ದೇ. ಊರಲ್ಲಿ ಕೂತು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿದುಹೋದ ಬೇಟೆ ಇಲ್ಲಿ ಅಮೆರಿಕದಲ್ಲಿ ಇನ್ನೂ ಇದೆ. ಲೈಸೆನ್ಸ್ ಬೇಕು, ಸೀಸನ್ ಇದೆ, ಎಷ್ಟು ಜಿಂಕೆ ಅಂತ ಲೆಕ್ಕವೂ ಇದೆ. ಆದ್ದರಿಂದ ಬೈದು ಕಾಗದ ಬರೆಯಬೇಡಿ.

ಪ್ರಶ್ನೆ: ಸರ್, ನಾನು ಪೆನ್ಸಿಲ್ವೇನಿಯಾಕ್ಕೆ ಬಂದು ಹದಿನಾಲ್ಕು ವರ್ಷ ಆಯಿತು, ಗ್ರೀನ್ ಕಾರ್ಡ್ ಇದೆ. ಬೇಟೆ ಕಲಿಸಿದವರು ಪಕ್ಕದ ಮನೆಯ ಅಜ್ಜ. ಈ ವರ್ಷ ಮಂಡಿನೋವು ಅಂತ ತಮ್ಮ ಮಾರ್ಲಿನ್ ಕಂಪನಿಯ 336 ರೈಫಲ್ಲನ್ನು ನನಗೇ ಕೊಟ್ಟುಬಿಟ್ಟರು, ಜೊತೆಗೆ ಒಂಬತ್ತು ತೋಟಾ. ಆ ತೋಟಾ .35 ರೆಮಿಂಗ್ಟನ್ ಅನ್ನುವ ಜಾತಿ. ಎಂಟು ಅಂಗಡಿ ಸುತ್ತಿದೆ, ಎಲ್ಲೂ ಇಲ್ಲ. ಒಂದು ಕಡೆ ".350 ಲೆಜೆಂಡ್ ಇದೆ, ಅದೂ ಮೂವತ್ತೈದೇ ಅಲ್ವಾ" ಅಂದರು. ಒಹಾಯೋದಲ್ಲಿರುವ ನಮ್ಮ ಭಾವ ಎರಡು ಡಬ್ಬಿ ನೋಡಿದ್ದಾರಂತೆ, ಪೋಸ್ಟಲ್ಲಿ ಕಳಿಸಲಾ ಅಂತ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ .350 ಲೆಜೆಂಡ್ ವಿಷಯ ಮುಗಿಸೋಣ. ಬೇಡ. ಸುಮ್ನೆ ಒಂದು ಹಾಕಿ ನೋಡೋಣ ಅಂತಲೂ ಬೇಡ. ಲೆಜೆಂಡ್ 2019ರಲ್ಲಿ ವಿಂಚೆಸ್ಟರ್ ತಂದ ಹೊಸ ತೋಟಾ, ಅದು ಸಿಡಿದಾಗ ಒಳಗೆ ಏಳುವ ಒತ್ತಡದ ಮಿತಿ ಚದರ ಇಂಚಿಗೆ 55,000 ಪೌಂಡ್. ನಿಮ್ಮ .35 ರೆಮಿಂಗ್ಟನ್‌ನ ಮಿತಿ 33,500. ಖೋಲಿನ, ಅಂದರೆ ಮದ್ದು ತುಂಬುವ ಹಿತ್ತಾಳೆ ಕವಚದ, ಆಕಾರವೂ ಬೇರೆ. ಇಷ್ಟೇ ಅಲ್ಲ, ಮೂವತ್ತೈದು ಅನ್ನುವ, ಅಂದರೆ ಗುಂಡಿನ ಅಗಲ ಸುಮಾರು .35 ಇಂಚು ಇರುವ, ಮನೆತನ ದೊಡ್ಡದು. .35 ವೇಲನ್, .358 ವಿಂಚೆಸ್ಟರ್, 2023ರಲ್ಲಿ ಬಂದ .360 ಬಕ್‌ಹ್ಯಾಮರ್, ಎಲ್ಲವೂ ಅಂಗಡಿ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಒಂದೂ ನಿಮ್ಮದಲ್ಲ. ನಳಿಗೆಯ ಮೇಲೆ ಏನು ಕೆತ್ತಿದೆಯೋ ತೋಟಾದ ಬುಡದಲ್ಲೂ ಅದೇ ಇರಬೇಕು, ಅಂಗಡಿಯವನು ಎಷ್ಟೇ ಧೈರ್ಯವಾಗಿ ಹೇಳಲಿ.

ಪೋಸ್ಟ್ ಕೂಡ ಬೇಡ. ಇಲ್ಲಿನ ಸರ್ಕಾರಿ ಅಂಚೆಯಲ್ಲಿ ತೋಟಾ ಕಳಿಸುವ ಹಾಗೇ ಇಲ್ಲ. ಆನ್‌ಲೈನ್ ಅಂಗಡಿಗಳು ಕಳಿಸುವುದು ಖಾಸಗಿ ಕೊರಿಯರ್‌ನಲ್ಲಿ, ಅದಕ್ಕೆ ಅವರದೇ ನಿಯಮ ಇವೆ. ಒಹಾಯೋ ನಿಮ್ಮ ಪಕ್ಕದ ರಾಜ್ಯವೇ ತಾನೇ, ಭಾವ ಈಗಲೇ ಆ ಎರಡು ಡಬ್ಬಿ ಕೊಂಡು ಕಾರಲ್ಲಿ ಇಟ್ಟುಕೊಂಡು ಬರಲಿ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬರುವಾಗ ತಂದರಾಯಿತು ಅಂದುಕೊಂಡರೆ ಕೆಟ್ಟಿರಿ. ಹಬ್ಬ ಗುರುವಾರ, ನಿಮ್ಮ ರಾಜ್ಯದಲ್ಲಿ ರೈಫಲ್ ಸೀಸನ್ ಶುರುವಾಗುವುದು ಅದಾದ ಶನಿವಾರ. ಗುರಿ ಸರಿಮಾಡಿಕೊಳ್ಳೋಕೆ ಒಂದೇ ದಿನ ಸಿಗುತ್ತದೆ, ಆ ದಿನ ಶೂಟಿಂಗ್ ರೇಂಜ್‌ನಲ್ಲಿ ಊರೆಲ್ಲ ಕ್ಯೂ ನಿಂತಿರುತ್ತದೆ.

ಇನ್ನು ಯಾಕೆ ಸಿಗುತ್ತಿಲ್ಲ ಅನ್ನುವುದು. ಇದು 1906ರ ತೋಟಾ, ರೆಮಿಂಗ್ಟನ್ ಮಾಡೆಲ್ 8 ಅನ್ನುವ ರೈಫಲ್ ಜೊತೆ ಬಂದದ್ದು. ಆಗ .25, .30, .32, .35 ಅಂತ ನಾಲ್ಕು ಅಣ್ಣತಮ್ಮಂದಿರು. ಮೂವರು ಹೋದರು, ಇದೊಂದು ಉಳಿಯಿತು. ಉಳಿದದ್ದಕ್ಕೆ ಮುಖ್ಯ ಕಾರಣ ನಿಮ್ಮ ಕೈಯಲ್ಲಿರುವ ಮಾರ್ಲಿನ್ನೇ. 200 ಗ್ರೇನ್ ಗುಂಡು, ಅಂದರೆ ಸುಮಾರು 13 ಗ್ರಾಂ ಸೀಸ, ದಟ್ಟ ಕಾಡಿನಲ್ಲಿ ನೂರು ಗಜದೊಳಗೆ ಜಿಂಕೆಗೆ ಇದಕ್ಕಿಂತ ಒಳ್ಳೆಯದು ಬೇಕಾಗಿಲ್ಲ. ಆದರೆ ಹೊಸ ರೈಫಲ್‌ಗಳು ಈ ತೋಟಾಕ್ಕೆ ಬರುವುದು ಈಗ ಅಪರೂಪ. 2020ರಲ್ಲಿ ಕೋವಿಡ್ ಗಾಬರಿಗೆ ಜನ ಮುಗಿಬಿದ್ದು ಬಂದೂಕು ಕೊಂಡರು. ಆ ಒಂದು ವರ್ಷ ಬಂದೂಕು ಕೊಳ್ಳುವಾಗ ಮಾಡುವ ಎಫ್‌ಬಿಐ ಹಿನ್ನೆಲೆ ತಪಾಸಣೆ 3.9 ಕೋಟಿ ದಾಟಿತ್ತು. ಅದೇ ವರ್ಷ ರೆಮಿಂಗ್ಟನ್ ಕಂಪನಿ ದಿವಾಳಿಯಾಗಿ ತುಂಡುತುಂಡಾಗಿ ಮಾರಾಟವಾಯಿತು. ತೋಟಾ ವ್ಯವಹಾರ ವಿಸ್ಟಾ ಔಟ್‌ಡೋರ್‌ಗೆ, ಮಾರ್ಲಿನ್ ಹೆಸರು ರೂಗರ್‌ಗೆ. ಕಾರ್ಖಾನೆಯವರು ಮೊದಲು ಮಾಡುವುದು ದಿನಾ ಖರ್ಚಾಗುವ 9 ಎಂಎಂ, .223. ನಿಮ್ಮದನ್ನು ಯಾವಾಗಲೋ ಒಂದು ಸಲ ಮೆಷಿನ್‌ಗೆ ಹಾಕಿ ಒಂದಷ್ಟು ಮಾಡಿ ಮುಗಿಸುತ್ತಾರೆ, ಆಮೇಲೆ ಅದು ಮತ್ತೆ ಬರುವವರೆಗೆ ಕಾಯುವುದೇ.

ಅದಕ್ಕೇ ಅಕ್ಟೋಬರ್‌ನಲ್ಲಿ ಹುಡುಕುವುದು ಹಬ್ಬದ ಹಿಂದಿನ ರಾತ್ರಿ ಬಸ್ ಟಿಕೆಟ್ ಹುಡುಕಿದ ಹಾಗೆ. ನಿಮ್ಮ ಹಾಗೆ ಅಜ್ಜನ ರೈಫಲ್ ಇಟ್ಟುಕೊಂಡವರೆಲ್ಲ ಆಗಲೇ ಎದ್ದು ಕೂರುತ್ತಾರೆ. ಹುಡುಕಬೇಕಾದ್ದು ಸೀಸನ್ ಮುಗಿದ ಮೇಲೆ, ಫೆಬ್ರವರಿಯಿಂದ ಜೂನ್ ಒಳಗೆ. ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿ "ಬಂದಾಗ ತಿಳಿಸಿ" ಅನ್ನುವ ಬಟನ್ ಇರುತ್ತದೆ, ನಾಲ್ಕೈದು ಕಡೆ ಒತ್ತಿ ಇಡಿ, ಮೆಸೇಜ್ ಬಂದ ಅರ್ಧ ಗಂಟೆಯೊಳಗೆ ಕೊಳ್ಳಿ. ಇನ್ನೊಂದು ದಾರಿ, ಹಳ್ಳಿ ಕಡೆಯ ಹಾರ್ಡ್‌ವೇರ್ ಅಂಗಡಿ. ಪೇಂಟ್ ಡಬ್ಬಿ, ಕೋಳಿ ಆಹಾರದ ಜೊತೆ ತೋಟಾನೂ ಇಟ್ಟಿರುತ್ತಾರೆ, ಯಾರೂ ಕೇಳದೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಫೋನಲ್ಲಿ ಕೇಳಿದರೆ "ಇಲ್ಲ" ಅನ್ನುತ್ತಾರೆ, ಹೋಗಿ ಕೆಳಗಿನ ಕಪಾಟು ಬಗ್ಗಿ ನೋಡಬೇಕು. ನನಗೆ ಎರಡು ಸಲ ಹೀಗೇ ಸಿಕ್ಕಿದೆ.

ಆದರೆ ಹಳೆ ಮಾಲು ಕೊಳ್ಳುವಾಗ ಕಣ್ಣು ಬಿಟ್ಟುಕೊಂಡು ಕೊಳ್ಳಿ. ಒಂದು ಗನ್ ಶೋದಲ್ಲಿ ನಾನು ಮೋಸ ಹೋದದ್ದು ಹೇಳುತ್ತೇನೆ. ಹಸಿರು ರಟ್ಟಿನ ಹಳೆ ಡಬ್ಬಿ, ಮೇಲೆ .35 ಅಂತ ದೊಡ್ಡದಾಗಿ ಇತ್ತು, ಮಾರುವವನು ವಯಸ್ಸಾದವನು, ಕಡಿಮೆ ರೇಟು. ಮನೆಗೆ ತಂದು ಅಡುಗೆಮನೆ ಲೈಟಿನ ಕೆಳಗೆ ಒಂದೊಂದೇ ತೆಗೆದು ಬುಡ ಓದುತ್ತಾ ಹೋದೆ. ಮೊದಲನೆಯದು 35 ರೆಮ್, ಎರಡನೆಯದೂ ಅದೇ, ಮೂರನೆಯದು 32 ರೆಮ್! ಇಪ್ಪತ್ತರಲ್ಲಿ ಏಳು ಹೀಗೆ ಬೇರೆ ಜಾತಿಯವು. ಉಳಿದ ಹದಿಮೂರರಲ್ಲಿ ಎರಡರ ಕತ್ತಿನಲ್ಲಿ ಕೂದಲೆಳೆಯಂಥ ಬಿರುಕು, ಉಗುರು ಹಾಕಿದರೆ ಸಿಕ್ಕಿಕೊಳ್ಳುತ್ತಿತ್ತು. ಅಲ್ಲೇ ಮೇಜಿನ ಮೇಲೆ ಡಬ್ಬಿ ಬಿಚ್ಚಿ ನೋಡಬೇಕಿತ್ತು, ಸಂಕೋಚ ಮಾಡಿಕೊಂಡೆ. ನೀವು ಮಾಡಿಕೊಳ್ಳಬೇಡಿ. ಹಸಿರು ಕಿಲುಬು ಹಿಡಿದದ್ದು, ಗುಂಡು ಅಲ್ಲಾಡುವುದು, ಎಣ್ಣೆ ಜಿಡ್ಡು ಇರುವುದು, ಎಲ್ಲ ಪಕ್ಕಕ್ಕೆ. ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿಗೆ ಎಣ್ಣೆ ಇಳಿದರೆ ಹೊತ್ತಿಕೊಳ್ಳದೇ ಹೋಗಬಹುದು. ಹೊಡೆದಾಗ "ಟಿಕ್" ಅಂತ ಮಾತ್ರ ಸದ್ದಾದರೆ ತಕ್ಷಣ ತೋಟಾ ಹೊರಹಾಕುವ ಲಿವರ್ ಎಳೆಯಬೇಡಿ, ನಳಿಗೆ ಗುರಿಯ ಕಡೆಯೇ ಇಟ್ಟು ಕನಿಷ್ಠ ಅರ್ಧ ನಿಮಿಷ ಕಾಯಿರಿ, ಮದ್ದು ಕೆಲವು ಸಲ ತಡವಾಗಿ ಹೊತ್ತಿಕೊಳ್ಳುತ್ತದೆ.

ಮಾರ್ಲಿನ್‌ಗೆ ಮಾತ್ರ ಅನ್ವಯಿಸುವ ಒಂದು ಮಾತು. ಅದರಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಮಲಗಿರುತ್ತವೆ, ಒಂದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡು. ಚೂಪು ಮೂತಿಯ ಗುಂಡಾದರೆ ಕೋವಿ ಒದ್ದಾಗ ಅದೇ ಕೇಪಿಗೆ ಹೊಡೆಯುವ ಸೂಜಿಯ ಕೆಲಸ ಮಾಡಿ ಕೊಳವೆಯೊಳಗೇ ಸಿಡಿಯಬಹುದು. ಆದ್ದರಿಂದ ಮೊಂಡು ಮೂತಿಯದ್ದೇ ಕೊಳ್ಳಿ. ಹಾರ್ನಡಿ ಕಂಪನಿಯ ತೋಟಾ ಲೆವರ್‌ಎವಲ್ಯೂಷನ್ ಚೂಪಾಗಿ ಕಾಣುತ್ತದೆ, ಆದರೆ ಅದರ ತುದಿ ರಬ್ಬರ್‌ನಂತೆ ಮೆತ್ತಗಿದೆ, ಅದು ಪರವಾಗಿಲ್ಲ.

ಈಗ ಎಷ್ಟು ಬೇಕು ಅನ್ನೋ ಲೆಕ್ಕ. ಜನ ಇಲ್ಲಿ ಗಾಬರಿಬಿದ್ದು ಇಲ್ಲದ ದುಡ್ಡು ಸುರಿಯುತ್ತಾರೆ. ಒಂದೊಂದು ತೋಟಾಕ್ಕೆ 2 ಡಾಲರ್ ಮೀರುವುದು ಈಗ ಮಾಮೂಲು. ಆದರೆ ನೀವು ವರ್ಷಕ್ಕೆ ಹೊಡೆಯುವುದೆಷ್ಟು? ಗುರಿ ನೋಡೋಕೆ ಐದೋ ಆರೋ, ಜಿಂಕೆಗೆ ಒಂದು, ಕೈ ನಡುಗಿದರೆ ಎರಡು. ಇಪ್ಪತ್ತರ ಮೂರು ಡಬ್ಬಿ ಇದ್ದರೆ ಏಳೆಂಟು ವರ್ಷ ನೆಮ್ಮದಿ. ಅಭ್ಯಾಸಕ್ಕೆ ಒಂದು .22 ರೈಫಲ್ ಇಟ್ಟುಕೊಳ್ಳಿ, ಅದರ ತೋಟಾ ಪುಡಿಗಾಸು. ಆದರೆ ಮೂರು ಡಬ್ಬಿಯೂ ಒಂದೇ ಕಂಪನಿಯ ಒಂದೇ ನಮೂನೆ ಇರಲಿ. ಹಾರ್ನಡಿಯದ್ದು ಸೆಕೆಂಡಿಗೆ 2,225 ಅಡಿ ಓಡುತ್ತದೆ, ಮಾಮೂಲು 200 ಗ್ರೇನ್ ಸುಮಾರು 2,080. ಒಂದಕ್ಕೆ ಗುರಿ ಕೂರಿಸಿ ಇನ್ನೊಂದನ್ನು ಹೊಡೆದರೆ ಏಟು ಬೇರೆ ಕಡೆ ಬೀಳುತ್ತದೆ, ಆಮೇಲೆ ರೈಫಲ್ ಕೆಟ್ಟಿದೆ ಅಂತ ಅಜ್ಜನ ಹತ್ತಿರ ದೂರು ಹೇಳಬೇಡಿ.

ಹೊಡೆದ ಖೋಲು ಎಸೆಯಬೇಡಿ. ಇದರ ಖೋಲನ್ನು ಬೇರೆ ತೋಟಾದ ಖೋಲಿನಿಂದ ಸುಲಭವಾಗಿ ಮಾಡಿಕೊಳ್ಳೋಕೆ ಬರುವುದಿಲ್ಲ. ಮುಂದೆ ನೀವೇ ಮದ್ದು ತುಂಬುವುದು ಕಲಿತರೆ, ಅಥವಾ ಕಲಿತವರ ಸ್ನೇಹ ಆದರೆ, ಆ ಹಿತ್ತಾಳೆಯೇ ಬಂಗಾರ. ಗುಂಡು ಸಿಗುತ್ತದೆ, ಮದ್ದು ಸಿಗುತ್ತದೆ, ಖೋಲೇ ಸಿಗುವುದಿಲ್ಲ.

ಪ್ರಶ್ನೆ: ನನ್ನ ಗಂಡನ ಮನೆ ವಿಸ್ಕಾನ್ಸಿನ್. ಅವರ ತಾತನ ಸ್ಯಾವೇಜ್ 99 ರೈಫಲ್ ನಮಗೆ ಬಂದಿದೆ, ನಳಿಗೆ ಮೇಲೆ .303 ಸ್ಯಾವೇಜ್ ಅಂತ ಇದೆ. ಆ ತೋಟಾ ಎಲ್ಲೂ ಇಲ್ಲ. ನಮ್ಮಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, "ತ್ರೀ ನಾಟ್ ತ್ರೀ ಅಲ್ವೇನಮ್ಮ, ಎಲ್ಲ ಕಡೆ ಸಿಗುತ್ತೆ" ಅಂತಾರೆ. ಹೌದಾ?

ಉತ್ತರ: ಇಲ್ಲಮ್ಮ, ನಿಮ್ಮ ತಂದೆಯವರು ಹೇಳುತ್ತಿರುವುದು .303 ಬ್ರಿಟಿಷ್. ನಮ್ಮ ಠಾಣೆಗಳಲ್ಲಿ ಪೇದೆಗಳ ಹೆಗಲ ಮೇಲೆ ದಶಕಗಟ್ಟಲೆ ಕಂಡದ್ದು ಆ ತೋಟಾದ ರೈಫಲ್ ಎನ್‌ಫೀಲ್ಡ್. ಹೆಸರಿನ ನಂಬರ್ ಒಂದೇ, ಸಂಬಂಧ ಏನೂ ಇಲ್ಲ. ಬ್ರಿಟಿಷ್ ಖೋಲು ಉದ್ದ, ಬುಡದ ಅಂಚು ಅಗಲ, ನಿಮ್ಮ ರೈಫಲ್‌ಗೆ ಕೂರುವುದೇ ಇಲ್ಲ, ಒತ್ತಿ ಕೂರಿಸೋಕೆ ಯಾರಿಗೂ ಬಿಡಬೇಡಿ. ನಳಿಗೆಯನ್ನು ಭೂತಗನ್ನಡಿ ಹಿಡಿದು ಇನ್ನೊಂದು ಸಲ ಓದಿ, ಅದು .303 ಅಲ್ಲದೆ .300 ಸ್ಯಾವೇಜ್ ಆಗಿದ್ದರೆ ನಿಮ್ಮ ಅದೃಷ್ಟ. 1920ರಲ್ಲಿ ಬಂದ ಆ ತೋಟಾ ಇನ್ನೂ ಕಾರ್ಖಾನೆಯಿಂದ ಬರುತ್ತದೆ, ಹುಡುಕಿದರೆ ಸಿಗುತ್ತದೆ. ನಿಜವಾಗಿಯೂ .303 ಆದರೆ, ಕೈಯಲ್ಲಿ ತೋಟಾ ತುಂಬಿಕೊಡುವ ಸಣ್ಣ ಕಸುಬಿನವರನ್ನೇ ಹಿಡಿಯಬೇಕು, ಬೆಲೆ ಜಾಸ್ತಿ. ನನ್ನನ್ನು ಕೇಳಿದರೆ, ಚೆನ್ನಾಗಿ ಎಣ್ಣೆ ಸವರಿ, ಬೀಗ ಹಾಕಿದ ಕಪಾಟಿನಲ್ಲಿ ಇಡಿ. ಬೇಟೆಗೆ ಬೇರೆ ರೈಫಲ್ ಇರಲಿ.

ಪ್ರಶ್ನೆ: ನಾನು ಟೆಕ್ಸಸ್‌ನಲ್ಲಿ ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯನೊಬ್ಬನಿಗೆ ಬೇಕಾದ ತೋಟಾ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿದೆ, ಎರಡು ಡಬ್ಬಿ ತೆಗೆದಿಡು ಅಂತಾನೆ. ಬಂದೂಕು ನನ್ನದಲ್ಲವಲ್ಲ, ತೋಟಾ ಇಟ್ಟುಕೊಂಡರೆ ತೊಂದರೆಯಾ?

ಉತ್ತರ: ತೊಂದರೆಯೇ. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು ಮಾತ್ರವಲ್ಲ, ತೋಟಾ ಇಟ್ಟುಕೊಳ್ಳುವುದನ್ನೂ ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಒಂದು ಡಬ್ಬಿಯಾದರೂ ಅಷ್ಟೇ. ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದು, ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಚಾಲ್ತಿ ಅನ್ನುವ ಪದಕ್ಕೆ ಗೆರೆ ಎಳೆದುಕೊಳ್ಳಿ. ನಿಮ್ಮ ಟೆಕ್ಸಸ್‌ನಲ್ಲಿ ವರ್ಷದ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಹೊಸದು ಮಾಡಿಸದೆ ಸೆಪ್ಟೆಂಬರ್‌ನಲ್ಲಿ ಡಬ್ಬಿ ಮನೆಯಲ್ಲಿದ್ದರೆ ಆ ವಿನಾಯಿತಿ ನಿಮಗಿಲ್ಲ. ಲೈಸೆನ್ಸ್ ಬೇಕಾದರೆ ಮೊದಲು ಬೇಟೆ ಸುರಕ್ಷತೆಯ ಕೋರ್ಸ್ ಮಾಡಿ, 1971ರ ಸೆಪ್ಟೆಂಬರ್ 2 ಮತ್ತು ಆಮೇಲೆ ಹುಟ್ಟಿದವರಿಗೆ ಅಲ್ಲಿ ಅದು ಕಡ್ಡಾಯ. ಇಲ್ಲವಾದರೆ ಗೆಳೆಯನೇ ಬಂದು ತೆಗೆದುಕೊಂಡು ಹೋಗಲಿ, ನೀವು ಕಾಫಿ ಕೊಟ್ಟು ಕಳಿಸಿ. ವೀಸಾ ವಿಷಯ ಇದು, ಅನುಮಾನ ಇದ್ದರೆ ವಕೀಲರನ್ನು ಕೇಳಿ, ನನ್ನ ಅಂಕಣ ತೋರಿಸಿದರೆ ಯಾರೂ ಬಿಡುವುದಿಲ್ಲ.

ಮುಂದೆ ಬೇಟೆ ಶುರು ಮಾಡಿದರೆ, ಬೇಟೆ ಜಾಕೆಟ್ಟು ಮತ್ತು ಬ್ಯಾಗನ್ನು ಊರಿಗೆ ಬರುವಾಗ ಮಾತ್ರ ಮುಟ್ಟಬೇಡಿ. ಒಳಜೇಬಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಬೀಳಬಹುದು. ವಾಪಸ್ ಟಿಕೆಟ್ ಹೋಯಿತು, ರಜೆ ಪೂರ್ತಿ ಠಾಣೆ-ಕೋರ್ಟು ಅಂತ ಓಡಾಡಬೇಕಾಗುತ್ತದೆ.