ಎಂಜಿಬಿ ಕೊಳ್ಳುವ ಮುನ್ನ ಬಾನೆಟ್ ಎತ್ತಬೇಡಿ, ಕಾರಿನ ಕೆಳಗೆ ಬಗ್ಗಿ ನೋಡಿ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳನ್ನು ಸ್ವಂತ ಕೈಯಿಂದ ಸರಿಪಡಿಸುವ ಬಗ್ಗೆ ಬ್ರಿಟನ್ನಿನಲ್ಲಿ ನೆಲೆಸಿರುವ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನವು ಎಂಜಿಬಿ ಕುರಿತೇ ಇವೆ. 1962ರಿಂದ 1980ರವರೆಗೆ ಆ್ಯಬಿಂಗ್‌ಡನ್‌ನಲ್ಲಿ ತಯಾರಾದ ಈ ಕಾರಿನ ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುವುದರಿಂದ, ಮೊದಲ ಸಲ ಕೈಹಾಕುವವರಿಗೆ ಅದೇ ವಾಸಿ.

ಪ್ರಶ್ನೆ: ಮುಂದಿನ ವರ್ಷ ನಿವೃತ್ತನಾಗುತ್ತೇನೆ. ಎರಡು ಎಂಜಿಬಿ ರೋಡ್‌ಸ್ಟರ್ ನೋಡಿಟ್ಟಿದ್ದೇನೆ. ಒಂದಕ್ಕೆ ಹೊಸ ಬಣ್ಣ, ಎಂಜಿನ್ ಚೆನ್ನಾಗಿ ಓಡುತ್ತದೆ. ಇನ್ನೊಂದರ ಎಂಜಿನ್ ಜಾಮ್ ಆಗಿದೆ, ಬಣ್ಣ ಮಾಸಿದೆ, ಆದರೆ ಅಡಿಭಾಗ ಗಟ್ಟಿಯಿದೆ ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ಅಡಿಭಾಗ ಗಟ್ಟಿಯಿರುವುದು ನಿಜವಾದರೆ ಎರಡನೆಯದು. 1798 ಸಿಸಿಯ ಬಿ-ಸೀರೀಸ್ ಎಂಜಿನ್ ಎರಕದ ಕಬ್ಬಿಣದ್ದು, ಸರಳವಾದದ್ದು. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಮತ್ತೆ ಓಡುತ್ತದೆ. ತುಕ್ಕು ತಿಂದ ಬಾಡಿ ಹಾಗಲ್ಲ. ಎಂಜಿಬಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ರೋಡ್‌ಸ್ಟರ್‌ಗೆ ಮೇಲೆ ಛಾವಣಿಯೂ ಇಲ್ಲ. ಹಾಗಾಗಿ ಕಾರಿನ ಮುಂಭಾಗ ಹಿಂಭಾಗಗಳನ್ನು ಹಿಡಿದಿಡುವ ಭಾರವೆಲ್ಲ ಬಾಗಿಲ ಕೆಳಗಿನ ಸಿಲ್‌ಗಳ ಮೇಲೆ ಬೀಳುತ್ತದೆ.

ಪರೀಕ್ಷೆ ಸುಲಭ. ಬಾಗಿಲು ಮುಚ್ಚಿ, ಅದರ ಹಿಂಬದಿಯ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿದೆಯೇ ನೋಡಿ. ಆ ಬದಿಯ ಜ್ಯಾಕಿಂಗ್ ಪಾಯಿಂಟ್‌ಗೆ ಜ್ಯಾಕ್ ಕೊಟ್ಟು ನಿಧಾನವಾಗಿ ಎತ್ತುತ್ತಾ ಅದೇ ಸಂದನ್ನು ಗಮನಿಸಿ. ಸಂದು ಮುಚ್ಚಿಕೊಳ್ಳುತ್ತಾ ಬಂದರೆ, ಅಥವಾ ಬಾಗಿಲು ತೆರೆಯಲು ಬಿಗಿಯಾದರೆ, ಒಳಗಿನ ಲೋಹ ಹೋಗಿದೆ ಎಂದೇ ಲೆಕ್ಕ. ಹೊಸ ಬಣ್ಣದ ಕಾರಿಗೆ ಬಟ್ಟೆ ಸುತ್ತಿದ ಆಯಸ್ಕಾಂತ ಹಿಡಿಯಿರಿ: ಹಿಂಚಕ್ರದ ಮುಂದಿನ ಕೆಳಮೂಲೆ, ಮುಂಚಕ್ರದ ಹಿಂದೆ, ಚಕ್ರವನ್ನು ಮುಚ್ಚುವ ಹೊರ ತಗಡಾದ ವಿಂಗ್‌ನ ಕೆಳಗಿನ ಅಂಗೈ ಅಗಲದ ಜಾಗ, ಸಿಲ್‌ನ ಎರಡೂ ತುದಿಗಳು. ಅಂಟಿಕೊಳ್ಳದಿದ್ದರೆ ಅಲ್ಲಿರುವುದು ಪುಟ್ಟಿ.

ಇನ್ನೊಂದು ಮೋಸ ಬರಿಗಣ್ಣಿಗೇ ಕಾಣುತ್ತದೆ. ಮೂಲ ಸಿಲ್ ಮುಂದಿನ ವಿಂಗ್‌ನ ಅಡಿಗೂ ಹಿಂದಿನ ವಿಂಗ್‌ನ ಅಡಿಗೂ ಚಾಚಿರುತ್ತದೆ. ಅದನ್ನು ಬದಲಿಸುವ ಶ್ರಮ ಉಳಿಸಲು, ಕೊಳೆತ ತಗಡಿನ ಮೇಲೆಯೇ ಬಾಗಿಲಿನ ಉದ್ದಕ್ಕಷ್ಟೇ ಕವರ್ ಸಿಲ್ ಬೆಸೆದಿರುತ್ತಾರೆ. ಸ್ಟೇನ್‌ಲೆಸ್ ಹೊದಿಕೆ ಕಂಡರೆ ಇನ್ನೂ ಹೆಚ್ಚು ಅನುಮಾನ ಪಡಿ. ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಗಳ ತಳವನ್ನೂ ನೋಡದೆ ಬರಬೇಡಿ. ಆ್ಯಸಿಡ್ ಚೆಲ್ಲಿ ಅವು ಜರಡಿಯಾಗಿರುವುದೇ ಹೆಚ್ಚು.

ಬಾಡಿ ಪೂರ್ತಿ ಹೋಗಿದ್ದರೂ ದಾರಿಯಿದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಯ ಹೊಸ ಬಾಡಿಶೆಲ್ ತಯಾರಿಸುತ್ತಿದೆ. ಆದರೆ ಅಷ್ಟು ಹಣ ಸುರಿದ ಮೇಲೆ ಕಾರು ಮಾರಿದರೆ ಅದು ವಾಪಸ್ ಬರುವುದಿಲ್ಲ, ಇದು ತಿಳಿದಿರಲಿ.

ಪ್ರಶ್ನೆ: ಕಾರು ಈಗಾಗಲೇ ಕೊಂಡಿದ್ದೇನೆ. ಎರಡೂ ಸಿಲ್ ಬದಲಿಸಬೇಕು. ವೆಲ್ಡಿಂಗ್ ಕಲಿತಿದ್ದೇನೆ. ಯಾವ ಕ್ರಮದಲ್ಲಿ ಮಾಡಬೇಕು?

ಉತ್ತರ: ಈ ಕೆಲಸ ಕೆಡುವುದು ಹೆಚ್ಚಾಗಿ ವೆಲ್ಡಿಂಗ್‌ನಿಂದಲ್ಲ, ಕತ್ತರಿಸುವ ಮುಂಚೆ ಕಾರನ್ನು ಸರಿಯಾಗಿ ನಿಲ್ಲಿಸದೇ ಇರುವುದರಿಂದ. ಕಾರು ನಡುವಿನಲ್ಲಿ ಒಂದು ಕೂದಲೆಳೆ ಬಾಗಿದ್ದಾಗ ಹೊಸ ಸಿಲ್ ಬೆಸೆದರೆ ಆ ಬಾಗು ಅಲ್ಲಿಯೇ ಶಾಶ್ವತವಾಗಿ ಕೂತುಬಿಡುತ್ತದೆ. ಆಮೇಲೆ ಬಾಗಿಲು ಎಂದೂ ಸರಿಯಾಗಿ ಮುಚ್ಚುವುದಿಲ್ಲ.

ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ಎರಡನ್ನೂ ತೆಗೆದು ಬೇರೆ ಕಡೆ ಇಡಿ. ಖಾಲಿ ಟ್ಯಾಂಕ್‌ನಲ್ಲಿ ಉಳಿದ ಆವಿಯೇ ಹೆಚ್ಚು ಅಪಾಯಕಾರಿ. ಮುಂದಿನ ಸಸ್ಪೆನ್ಶನ್ ಮತ್ತು ಹಿಂದಿನ ಆ್ಯಕ್ಸಲ್ ಅಡಿ ಆ್ಯಕ್ಸಲ್ ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೆ ನಿಂತಾಗ ಬೀಳುವಂತೆಯೇ ಭಾರ ಬೀಳಲಿ. ನಾಲ್ಕು ಮೂಲೆಯೂ ಮಟ್ಟದಲ್ಲಿರಬೇಕು. ಬಾಗಿಲನ್ನು ತೂಗಿಹಾಕಿಯೇ ಇಟ್ಟು ಸಂದು ಅಳೆದು ಬರೆದುಕೊಳ್ಳಿ. ಆಮೇಲೆ ಬಾಗಿಲು ಬಿಚ್ಚಿ, ಹಿಂಜ್ ಕಂಬದಿಂದ ಲಾಕ್ ಕಂಬಕ್ಕೆ ಕಬ್ಬಿಣದ ಚೌಕ ಕೊಳವೆ ಬೆಸೆದು ಅಥವಾ ಬೋಲ್ಟ್ ಹಾಕಿ ಆಧಾರ ಕೊಡಿ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಲೇಬೇಡಿ.

ಸಿಲ್ ಎಂದರೆ ಒಂದೇ ತಗಡಲ್ಲ. ಹೊರಗಿನ ಸಿಲ್, ಅದರ ಹಿಂದೆ ನೆಟ್ಟಗೆ ನಿಲ್ಲುವ ಮೆಂಬ್ರೇನ್, ನೆಲದ ಅಂಚಿಗಿರುವ ಒಳಸಿಲ್, ಕೆಳಗೆ ಇವನ್ನೆಲ್ಲ ಹಿಡಿಯುವ ಕ್ಯಾಸಲ್ ರೈಲ್. ಮುಂದಿನ ವಿಂಗ್ ಬೋಲ್ಟ್‌ಗಳಿಂದ ಕೂತಿರುವುದರಿಂದ ಅದನ್ನು ಬಿಚ್ಚಿಯೇ ಶುರು ಮಾಡಿ. ಹೊರ ಸಿಲ್ ಕತ್ತರಿಸಿ ತೆಗೆದ ಮೇಲಷ್ಟೇ ಮೆಂಬ್ರೇನ್‌ನ ಸ್ಥಿತಿ ಗೊತ್ತಾಗುತ್ತದೆ. ಅದು ಸ್ವಲ್ಪ ಕೊಳೆತಿದೆ, ಇರಲಿ ಬಿಡು ಎಂದು ಮೇಲೆ ಹೊಸ ಸಿಲ್ ಮುಚ್ಚಿದರೆ ಕೆಲವೇ ಚಳಿಗಾಲದಲ್ಲಿ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.

ಹೊಸ ತಗಡುಗಳನ್ನು ಮೊದಲು ಕ್ಲ್ಯಾಂಪ್ ಮತ್ತು ಸ್ಕ್ರೂಗಳಿಂದ ಮಾತ್ರ ಕೂರಿಸಿ, ಬಾಗಿಲು ವಾಪಸ್ ಹಾಕಿ, ಬರೆದಿಟ್ಟ ಸಂದಿನೊಂದಿಗೆ ತಾಳೆ ನೋಡಿ. ಸರಿಬಂದ ಮೇಲೆ ಬೆಸೆಯಿರಿ. ಮಿಗ್ ವೆಲ್ಡಿಂಗ್ ಯಂತ್ರಕ್ಕೆ 0.6 ಮಿಮೀ ತಂತಿ, ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಮಿಶ್ರ ಅನಿಲ ಸಾಕು. ಅಂಚುಗಳಲ್ಲಿ 25ರಿಂದ 30 ಮಿಮೀಗೊಂದರಂತೆ ಮೇಲಿನ ತಗಡಿಗೆ ತೂತು ಕೊರೆದು, ಆ ತೂತು ತುಂಬುವಂತೆ ಬೆಸೆಯಿರಿ (ಪ್ಲಗ್ ವೆಲ್ಡ್). ಸಾಲಾಗಿ ಬೆಸೆಯುತ್ತಾ ಹೋಗಬಾರದು. ಒಂದು ಈ ತುದಿಯಲ್ಲಿ, ಮುಂದಿನದು ಆ ತುದಿಯಲ್ಲಿ, ನಡುನಡುವೆ ಕೈಯಿಟ್ಟು ಬಿಸಿ ನೋಡಿ. ತಗಡು ಸುಕ್ಕಾಗುವುದು ಆತುರದಿಂದಲೇ. ಒಂದರ ಮೇಲೊಂದು ಕೂರುವ ಮುಖಗಳಿಗೆ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಬಳಿದಿರಬೇಕು. ಸತು ಸುಟ್ಟ ಹೊಗೆ ಕುಡಿದರೆ ಜ್ವರ ಬರುತ್ತದೆ, ಬಾಗಿಲು ಕಿಟಕಿ ತೆರೆದಿಡಿ. ಬಣ್ಣ ಮುಗಿದ ಮೇಲೆ ಸಿಲ್ ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ, ನೀರು ಹೋಗುವ ತೂತುಗಳು ಮುಚ್ಚಿಲ್ಲವೇ ಎಂದು ತಂತಿ ತೂರಿಸಿ ನೋಡಿ.

ಪ್ರಶ್ನೆ: ವಯಸ್ಸು 60 ದಾಟಿದೆ, ಬೆನ್ನು ಮೊದಲಿನಂತಿಲ್ಲ. ಯಾವುದನ್ನು ನಾನೇ ಮಾಡಲಿ, ಯಾವುದನ್ನು ಹೊರಗೆ ಕೊಡಲಿ?

ಉತ್ತರ: ಬಿಚ್ಚುವುದು, ತೊಳೆಯುವುದು, ಜೋಡಿಸುವುದು, ವೈರಿಂಗ್, ಬ್ರೇಕ್, ಸೀಟಿನ ಹೊದಿಕೆ ನಿಮ್ಮವು. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಕೆಲಸ, ಕ್ರೋಮ್ ಲೇಪನ ಹೊರಗೆ ಕೊಡಿ. ಟೂ-ಪ್ಯಾಕ್ ಬಣ್ಣದ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ, ಒಮ್ಮೆ ಅಲರ್ಜಿ ತಗುಲಿದರೆ ಆಸ್ತಮಾ ಬಿಡುವುದಿಲ್ಲ. ಹೊರಗಿನ ಗಾಳಿ ಪೂರೈಸುವ ಮುಖವಾಡವಿಲ್ಲದೆ ಅದನ್ನು ಮನೆಯ ಗ್ಯಾರೇಜಿನಲ್ಲಿ ಹೊಡೆಯುವುದು ಬೇಡವೇ ಬೇಡ. ಹಳೆಯ ಬ್ರೇಕ್ ಶೂ, ಕ್ಲಚ್ ಪ್ಲೇಟ್‌ಗಳಲ್ಲಿ ಕಲ್ನಾರು ಇರಬಹುದು. ಆ ಧೂಳನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿ.

ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಜೊತೆಯಾಗಿಯೇ ಹೊರತೆಗೆಯುವುದು ಬೆನ್ನಿಗೆ ಒಳ್ಳೆಯದು. ಎಂಜಿನ್ ಮಾತ್ರ ಎತ್ತಿದರೆ ವಾಪಸ್ ಇಳಿಸುವಾಗ ಗೇರ್‌ಬಾಕ್ಸ್‌ನ ಶಾಫ್ಟನ್ನು ಕ್ಲಚ್‌ನೊಳಗೆ ತೂರಿಸಲು ಗಂಟೆಗಟ್ಟಲೆ ಬಗ್ಗಿ ಒದ್ದಾಡಬೇಕು. ಕ್ರೇನಿಗೆ ಲೋಡ್ ಲೆವೆಲರ್ ಇದ್ದರೆ ಹಿಂಭಾಗ ಇಳಿಸಿ ಮುಂಭಾಗ ಎತ್ತಿ ಸಲೀಸಾಗಿ ತೆಗೆಯಬಹುದು. ಎಂಜಿನ್ ಹೊರಗಿರುವಾಗಲೇ ಹೀಟರ್ ಪೆಟ್ಟಿಗೆ ಬಿಚ್ಚಿ ಅದರ ಮ್ಯಾಟ್ರಿಕ್ಸ್ ಮತ್ತು ಸೀಲುಗಳನ್ನು ಬದಲಿಸಿಬಿಡಿ. ಆಮೇಲೆ ಆ ಕೆಲಸ ಶಿಕ್ಷೆ. ರೋಡ್‌ಸ್ಟರ್‌ನ ಮುಂದಿನ ಗಾಜಿನ ಚೌಕಟ್ಟನ್ನೂ ಡ್ಯಾಶ್‌ಬೋರ್ಡ್ ಹಾಕುವ ಮುಂಚೆಯೇ ಕೂರಿಸಿ, ಅದರ ಬೋಲ್ಟ್‌ಗಳಿಗೆ ಕೈ ಹೋಗುವುದು ಡ್ಯಾಶ್ ಹಿಂದಿನಿಂದ.

ಇನ್ನೊಂದು ಮಾತು. ಇಡೀ ಕಾರನ್ನು ಒಂದೇ ವಾರದಲ್ಲಿ ಬಿಚ್ಚಿ ಹರಡಿದವರಲ್ಲಿ ಹಲವರು ಅದನ್ನು ಡಬ್ಬಿಗಳಲ್ಲೇ ಮಾರುತ್ತಾರೆ. ಬಾಡಿ ಗಟ್ಟಿಯಿದ್ದರೆ ಒಂದು ಚಳಿಗಾಲ ಬ್ರೇಕ್, ಮುಂದಿನದಕ್ಕೆ ಸಸ್ಪೆನ್ಶನ್ ಎಂದು ಭಾಗಭಾಗವಾಗಿ ಮಾಡಿ. ಬೇಸಿಗೆಯಲ್ಲಿ ಓಡಿಸಬಹುದು, ಉತ್ಸಾಹವೂ ಬತ್ತುವುದಿಲ್ಲ.

ಪ್ರಶ್ನೆ: 1966ರ ಕಾರು. ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ಕಂಬ ಕಾರಿನ ಬಾಡಿಗೆ ಜೋಡಣೆಯಾಗಿದೆ. ದೀಪಗಳು ಮಂಕು, ಇಂಡಿಕೇಟರ್ ಮನಸ್ಸು ಬಂದಾಗ ಮಿನುಗುತ್ತದೆ. ವೈರಿಂಗ್ ಪೂರ್ತಿ ಬದಲಿಸಬೇಕೇ?

ಉತ್ತರ: ವಿದ್ಯುತ್ ಭಾಗಗಳ ತಯಾರಕ ಲೂಕಾಸ್ ಕಂಪನಿಯ ವೈರಿಂಗನ್ನು ಬೈಯುವುದು ಈ ಹವ್ಯಾಸದವರ ಹಳೆಯ ಚಾಳಿ. ಆದರೆ ತಪ್ಪು ಸಾಮಾನ್ಯವಾಗಿ ತುಕ್ಕು ಹಿಡಿದ ಬುಲೆಟ್ ಕನೆಕ್ಟರ್ ಮತ್ತು ಅರ್ಥ್ ಜಾಗಗಳದ್ದು. ದೀಪ ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಕಂಬಕ್ಕೆ, ಇನ್ನೊಂದು ದೀಪದ ಲೋಹದ ಮೈಗೆ ಹಿಡಿಯಿರಿ. ಅರ್ಧ ವೋಲ್ಟ್ ತೋರಿಸಿದರೆ ದೋಷ ಅರ್ಥ್‌ನಲ್ಲೇ. ಎರಡು 6 ವೋಲ್ಟ್ ಬ್ಯಾಟರಿಗಳ ನಡುವಿನ ಜೋಡಣೆ ಕೇಬಲನ್ನೂ ಹೀಗೇ ನೋಡಿ.

ಬಣ್ಣ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕಂದು ವೈರ್ ಸದಾ ಜೀವಂತ, ಫ್ಯೂಸಿಲ್ಲ. ನೇರಳೆ ಸದಾ ಜೀವಂತ, ಫ್ಯೂಸಿದೆ. ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್‌ನಿಂದ ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟ್, ಕೆಂಪು ಪಾರ್ಕಿಂಗ್ ದೀಪ, ಕಪ್ಪು ಅರ್ಥ್. ಫ್ಯೂಸಿನ ಮೇಲೆ ಒಂದು ಎಚ್ಚರಿಕೆ: ಹಳೆಯ ಲೂಕಾಸ್ ಗಾಜಿನ ಫ್ಯೂಸಿನ 35 ಆಂಪ್ ಎಂದರೆ ಸುಟ್ಟುಹೋಗುವ ಮಟ್ಟ, ಅದು ನಿರಂತರ ಹೊರುವುದು 17 ಆಂಪ್ ಮಾತ್ರ. ನಿರಂತರ 35 ಎಂಬ ಅಳತೆಯ ಈಗಿನ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ವೈರ್ ಕರಗುತ್ತದೆ.

ನೆಗೆಟಿವ್ ಅರ್ಥ್‌ಗೆ ಬದಲಿಸುವುದಾದರೆ ಬ್ಯಾಟರಿ ತಿರುಗಿಸಿದರೆ ಸಾಲದು. ಡೈನಮೋದ ಫೀಲ್ಡ್ ವೈರ್ ಬಿಚ್ಚಿ, ಆ ಟರ್ಮಿನಲ್‌ಗೆ ಬ್ಯಾಟರಿಯ ಜೀವಂತ ಕಂಬದಿಂದ ವೈರ್ ತಂದು ಕ್ಷಣಮಾತ್ರ ತಾಗಿಸಿ ಧ್ರುವ ಬದಲಿಸಬೇಕು. ಇಗ್ನಿಷನ್ ಕಾಯಿಲ್‌ನ ಎರಡು ವೈರ್ ಅದಲುಬದಲು ಮಾಡಬೇಕು. ಎಂಜಿನ್ ವೇಗ ತೋರಿಸುವ ಎಲೆಕ್ಟ್ರಾನಿಕ್ ಟ್ಯಾಕೋಮೀಟರನ್ನು ಒಳಗೆ ಬದಲಾಯಿಸದೆ ಜೋಡಿಸಿದರೆ ಹಾಳಾಗುತ್ತದೆ.

ಪ್ರಶ್ನೆ: 15 ವರ್ಷ ನಿಂತಿದ್ದ ಎಂಜಿನ್ ಕೈಯಿಂದ ತಿರುಗುತ್ತದೆ. ಮೊದಲ ಸಲ ಹೇಗೆ ಚಾಲೂ ಮಾಡುವುದು? ಯಾವ ಪೆಟ್ರೋಲ್, ಯಾವ ಆಯಿಲ್?

ಉತ್ತರ: ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಒಂದು ದಿನ ಸುಮ್ಮನಿರಿ. ಹಳೆಯ ಆಯಿಲ್, ಫಿಲ್ಟರ್ ಬದಲಿಸಿ, ಸುಮಾರು 4.25 ಲೀಟರ್ 20ಡಬ್ಲ್ಯು-50 ಹಿಡಿಯುತ್ತದೆ. ಜಿಂಕ್ ಅಂಶ ಚೆನ್ನಾಗಿರುವ ಕ್ಲಾಸಿಕ್ ಕಾರಿನ ಆಯಿಲನ್ನೇ ಕೊಳ್ಳಿ, ಕ್ಯಾಮ್‌ಗೆ ಅದು ಬೇಕು. ಗೇರ್‌ಬಾಕ್ಸ್‌ಗೂ ಇದೇ ಎಂಜಿನ್ ಆಯಿಲ್. ದಪ್ಪ ಗೇರ್ ಆಯಿಲ್ ಹಾಕಿದರೆ ಓವರ್‌ಡ್ರೈವ್ ಕೆಡುತ್ತದೆ.

ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ಹೊರತೆಗೆಯಿರಿ. ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಾಳುವ ಆರ್9 ದರ್ಜೆಯದಕ್ಕೆ ಬದಲಿಸಿ. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇ 10ರವರೆಗೆ ಎಥನಾಲ್ ಬೆರೆತದ್ದು. ಅದರ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಎಥನಾಲ್ ಕಡಿಮೆಯಿರುವ ಸೂಪರ್ ದರ್ಜೆಯ ಇ5 ಹಾಕುವುದು ಲೇಸು. ಎಸ್‌ಯು ಕಾರ್ಬ್ಯುರೇಟರಿನ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಎಂದು ಬೀಳಬೇಕು, ಸಿಕ್ಕಿಕೊಂಡರೆ ತೊಳೆಯಿರಿ. ಪ್ಲಗ್ ಸಂದು 0.025 ಇಂಚು, ಡಿಸ್ಟ್ರಿಬ್ಯೂಟರ್ ಪಾಯಿಂಟ್ ಸಂದು 0.015, ಫೈರಿಂಗ್ ಕ್ರಮ 1-3-4-2. ಪ್ಲಗ್ ಹಾಕದೆಯೇ ಸ್ಟಾರ್ಟರನ್ನು ಚಿಕ್ಕ ಚಿಕ್ಕ ಹೊತ್ತು ತಿರುಗಿಸಿ, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಪ್ಲಗ್ ಕೂರಿಸಬೇಡಿ. ಬಿಸಿಯಾದ ಎಂಜಿನ್ ಓಟದಲ್ಲಿ 50ರಿಂದ 80 ಪಿಎಸ್‌ಐ ತೋರಿಸಿದರೆ ಚೆನ್ನಾಗಿದೆ.

ಹಿಂದೆ ಪೆಟ್ರೋಲಿನ ಸೀಸ ವಾಲ್ವ್ ಸೀಟುಗಳನ್ನು ಸವೆಯದಂತೆ ಕಾಯುತ್ತಿತ್ತು, ಆದರೂ ಸೀಸವಿಲ್ಲದ ಪೆಟ್ರೋಲ್ ಬಗ್ಗೆ ಮೊದಲೇ ಗಾಬರಿ ಬೇಡ. ವಾಲ್ವ್ ಕ್ಲಿಯರೆನ್ಸ್ 0.015 ಇಂಚಿಗೆ ಇಟ್ಟು ಆಗಾಗ ಅಳೆಯಿರಿ. ಎಕ್ಸಾಸ್ಟ್ ವಾಲ್ವಿನದು ಕಡಿಮೆಯಾಗುತ್ತಲೇ ಇದ್ದರೆ ಸೀಟು ಸವೆಯುತ್ತಿದೆ. ಆಗ ಹೆಡ್‌ಗೆ ಗಟ್ಟಿ ಸೀಟು ಹಾಕಿಸಿ.

ಪ್ರಶ್ನೆ: ಕಾಗದಪತ್ರ ಏನೇನು ಬೇಕು?

ಉತ್ತರ: ಕಾರಿನ ನೋಂದಣಿ ಪತ್ರವಾದ ವಿ5ಸಿ ನಿಮ್ಮ ಹೆಸರಿಗಾಗಲಿ. ರಸ್ತೆಗಿಳಿಸದಷ್ಟು ಕಾಲ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ಸಾರ್ನ್ (ಕಾರು ರಸ್ತೆಯಲ್ಲಿಲ್ಲ ಎಂಬ) ಘೋಷಣೆ ಕೊಟ್ಟಿರಿ. 40 ವರ್ಷ ದಾಟಿದ ಕಾರು ಹಿಸ್ಟಾರಿಕ್ ವರ್ಗಕ್ಕೆ ಸೇರಿದರೆ ರಸ್ತೆ ತೆರಿಗೆ ಕಟ್ಟಬೇಕಿಲ್ಲ. ಗಣನೀಯವಾಗಿ ಬದಲಾಯಿಸಿಲ್ಲದಿದ್ದರೆ 2018ರ ಮೇ ತಿಂಗಳಿನಿಂದ ಎಂಒಟಿ (ವಾಹನದ ವಾರ್ಷಿಕ ಸುರಕ್ಷತಾ ಪರೀಕ್ಷೆ) ಕಡ್ಡಾಯವೂ ಅಲ್ಲ. ಆದರೂ ಕೆಲಸ ಮುಗಿದ ಮೇಲೆ ಒಮ್ಮೆ ಎಂಒಟಿ ಮಾಡಿಸಿ, ಬ್ರೇಕನ್ನು ಬೇರೊಬ್ಬರ ಕಣ್ಣು ನೋಡಲಿ. ಬಿಚ್ಚುವಾಗಿನ ಫೋಟೊ, ರಸೀದಿ ಎಲ್ಲವನ್ನೂ ಇಟ್ಟುಕೊಳ್ಳಿ. ಕಾರಿನ ಬೆಲೆಯನ್ನು ಮೊದಲೇ ಒಪ್ಪಿಕೊಂಡು ಮಾಡಿಸುವ ವಿಮೆಗೆ ಅವೇ ಆಧಾರ.

ಪ್ರಶ್ನೆ: ಕಡ್ಡಿ ಚಕ್ರ. ಬ್ರೇಕ್ ಒತ್ತಿದಾಗ ಹಿಂದಿನಿಂದ ಟಕ್ ಎಂಬ ಸದ್ದು.

ಉತ್ತರ: ಹಬ್‌ನ ಹಲ್ಲು ಸವೆದಿರಬೇಕು. ಹಿಂಚಕ್ರ ಎತ್ತಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಚಕ್ರವನ್ನು ಹಿಂದೆ ಮುಂದೆ ತಿರುಗಿಸಿ. ಅಲುಗಾಡಿದರೆ ಹಬ್ ಮತ್ತು ಚಕ್ರ ಎರಡನ್ನೂ ಬದಲಿಸಿ. ಸವೆದ ಹಬ್‌ಗೆ ಹೊಸ ಚಕ್ರ ಹಾಕಿದರೆ ಅದೂ ಬೇಗ ಸವೆಯುತ್ತದೆ. ನಡುವಿನ ನಟ್ ಬಿಚ್ಚುವ ದಿಕ್ಕು, ಕಾರು ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕೇ. ಇದು ಎರಡೂ ಬದಿಗೆ ಅನ್ವಯ. ಹಾಗಿಲ್ಲದಿದ್ದರೆ ಹಿಂದೆ ಯಾರೋ ಎಡ ಬಲ ಹಬ್‌ಗಳನ್ನು ಅದಲುಬದಲು ಕೂರಿಸಿದ್ದಾರೆ. ಅಂಥ ಕಾರನ್ನು ಓಡಿಸಬೇಡಿ, ನಟ್ ತಾನಾಗಿ ಸಡಿಲವಾಗುತ್ತದೆ. ಹೊಸದು ಹಾಕುವಾಗ ಹಲ್ಲುಗಳಿಗೆ ಗ್ರೀಸ್ ಸವರಿ, ಮೊದಲ ಸವಾರಿಯ ನಂತರ ನಟ್ ಮತ್ತೊಮ್ಮೆ ಬಿಗಿ ಮಾಡಿ.